ಸತ್ತೆವ್ವನ ಗುದ್ದಲಿ

ಗೆಜ್ಜಿಹಾಳದ ದುಂಡಪ್ಪನ ಮನೆಯ ಪಡಸಾಲೆಯಲ್ಲಿ ಬಸವಣ್ಣನವರ ಫೋಟೋದ ಬಾಜೂಕ್ಕೆ ಇನ್ನೊಂದು ಫೋಟೋ ಇದೆ. ಪೇಪರಿನಿಂದ ಕತ್ತರಿಸಿ, ಗೋಕಾಕಕ್ಕೆ ಒಯ್ದು ಗಾಜು ಹಾಕಿಸಿಕೊಂಡು ಬಂದದ್ದು. ಅದರಲ್ಲಿ ಹನ್ನೊಂದು ಮಂದಿ ದೊಡ್ಡವರು ನಿಂತಿದ್ದಾರೆ. ನಡುವೆ ಒಬ್ಬ ಸಾಹೇಬರು ಹೂವಿನ ಹಾರದಲ್ಲಿ ಮುಚ್ಚಿಹೋದ ಗುದ್ದಲಿಯೊಂದನ್ನು ಎತ್ತಿದ್ದಾರೆ. ಎಡಗಡೆಯ ಅಂಚಿನಲ್ಲಿ ಯಾರದೋ ಒಂದು ಮೊಣಕೈ ಇದೆ. ಆ ಮೊಣಕೈ ದುಂಡಪ್ಪನದು. ಮನೆಗೆ ಬಂದವರು ಮೊದಲು ಫೋಟೋದ ಮೊಣಕೈ ನೋಡಬೇಕು, ಆಮೇಲೆ ದುಂಡಪ್ಪನ ಮೊಣಕೈ ನೋಡಬೇಕು, ಹೌದು, ಎರಡೂ ಒಂದೇ ಎಂದು ಒಪ್ಪಿಕೊಳ್ಳಬೇಕು. ಆಮೇಲೆಯೇ ಚಹಾ.

ದುಂಡಪ್ಪ ಕೆಟ್ಟವನಲ್ಲ. ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ, ಒಬ್ಬಳೇ ಹೆಂಡತಿ. ದೊಡ್ಡವರು ಕಂಡರೆ ಮಾತ್ರ ಅವನಿಗೆ ಕೈಯಲ್ಲಿದ್ದದ್ದನ್ನೆಲ್ಲ ಕೊಟ್ಟುಬಿಡುವ ಚಟ. ಒಮ್ಮೆ ತಹಶೀಲ್ದಾರರ ಜೀಪಿನ ಡ್ರೈವರ್ ನೀರು ಕೇಳಿದನೆಂದು ತಂಬಿಗೆಯನ್ನೇ ಕೊಟ್ಟು ಕಳಿಸಿದ್ದ. ಆ ತಂಬಿಗೆಗಾಗಿ ಹೆಂಡತಿ ಸತ್ತೆವ್ವ ಎರಡು ದಿನ ಮಾತು ಬಿಟ್ಟಿದ್ದಳು. ಗುದ್ದಲಿಯ ಲೆಕ್ಕದಲ್ಲಿ ಅದು ಏನೂ ಅಲ್ಲ.

ಕುಲಗೋಡದಿಂದ ಮಸಗುಪ್ಪಿಯ ಕಡೆಗೆ ಹೋಗುವಾಗ ಒಳಕ್ಕೆ ತಿರುಗಿದರೆ ಗೆಜ್ಜಿಹಾಳ. ಊರು ಈ ದಂಡೆ, ತೋಟದ ಮನೆಗಳು ಆ ದಂಡೆ, ನಡುವೆ ಬೆಕ್ಕಿನಹಳ್ಳ. ಮಳೆಗಾಲದಲ್ಲಿ ಹಳ್ಳ ಬಂತೆಂದರೆ ಆ ದಂಡೆಯ ಮಕ್ಕಳಿಗೆ ಶಾಲೆ ಇಲ್ಲ, ಈ ದಂಡೆಯ ಡೇರಿಗೆ ಹಾಲು ಇಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಏಳು ಕಿಲೋಮೀಟರು ಸುತ್ತು ಹೊಡೆಯಬೇಕು. ಹಳ್ಳಕ್ಕೊಂದು ಬ್ರಿಜ್ ಬೇಕೆಂದು ಮೂವತ್ತು ವರ್ಷ ಕೇಳಿದ ಮೇಲೆ ಹೋದ ಶ್ರಾವಣದಲ್ಲಿ ಮಂಜೂರಾತಿ ಬಂತು. ಅರವತ್ತು ಪಾಲು ದಿಲ್ಲಿ ಸರಕಾರದ್ದು, ನಲವತ್ತು ಪಾಲು ಬೆಂಗಳೂರು ಸರಕಾರದ್ದು. ಎರಡೂ ಕಡೆ ಬೇರೆ ಬೇರೆ ಪಕ್ಷ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಬಂದವರು ಬೆಂಗಳೂರಿನ ಕಡೆಯ ಸಾಹೇಬರು, ಪಂಚಮಿ ಹಬ್ಬದ ಮರುದಿನ. ಶಾಮಿಯಾನ ಬಂತು, ಬ್ಯಾಂಡಿನವರು ಬಂದರು, ತೆಂಗಿನಕಾಯಿ ಬುಟ್ಟಿಗಟ್ಟಲೆ ಬಂತು. ಗುದ್ದಲಿ ಪೂಜೆಗೆ ಗುದ್ದಲಿಯನ್ನು ಮಾತ್ರ ಯಾರೂ ತಂದಿರಲಿಲ್ಲ. ಗುತ್ತಿಗೆದಾರ ಪಂಚಾಯ್ತಿಯವರ ಮುಖ ನೋಡಿದ. ಪಂಚಾಯ್ತಿಯವರು ಆಕಾಶ ನೋಡಿದರು. ಆಗ ಗುಂಪಿನ ಹಿಂದಿನಿಂದ ಒಂದು ದನಿ ಬಂತು.

"ಸಾಹೇಬ್ರ, ನಮ್ಮ ಮನ್ಯಾಗ ಐತ್ರಿ! ಹುಕ್ಕೇರಿ ಗುದ್ದಲಿ! ಈಗ ತಂದೆ ನೋಡ್ರಿ!"

ದುಂಡಪ್ಪ ಓಡಿದ. ಸತ್ತೆವ್ವ ಪಂಚಮಿಗೆಂದು ಹುಕ್ಕೇರಿ ಕಡೆಯ ತವರಿಗೆ ಹೋಗಿದ್ದಳು. ಅವಳಿದ್ದಿದ್ದರೆ ಗುದ್ದಲಿ ಹೊಸ್ತಿಲು ದಾಟುತ್ತಿರಲಿಲ್ಲ, ಈ ಕಥೆಯೂ ಇರುತ್ತಿರಲಿಲ್ಲ. ಅದು ಅವಳಪ್ಪ ಹುಕ್ಕೇರಿಯ ಕಮ್ಮಾರನ ಮುಂದೆ ಕೂತು ಬಡಿಸಿದ ಗುದ್ದಲಿ. ಮಗಳ ಕೈ ಅಳತೆ ತೆಗೆದುಕೊಂಡು, ಹಿಡಿಕೆಗೆ ಜಾಲಿಯ ಕಾವು ಕೂಡಿಸಿ, ಗುರುತಿಗೆ ಕಾವಿನ ತುದಿಯಲ್ಲಿ ಮೂರು ಗೀರು ಹಾಕಿ ಕೊಟ್ಟದ್ದು. ಹೊಲಕ್ಕೆ ನೀರು ಹಾಯಿಸುವ ಕೆಲಸ ಆ ಮನೆಯಲ್ಲಿ ಅವಳದೇ. ದುಂಡಪ್ಪನಿಗೆ ಆ ಗುದ್ದಲಿ ಮುಟ್ಟುವ ಕೆಲಸ ಬರುತ್ತಿದ್ದುದೇ ಕಡಿಮೆ.

ಸಾಹೇಬರು ಪೂಜೆ ಮಾಡಿ, ಗುದ್ದಲಿ ಎತ್ತಿ ನೆಲಕ್ಕೆ ಒಂದೇಟು ಹಾಕಿದರು. ಕಪ್ಪು ಎರಿ ಮಣ್ಣಿನಲ್ಲಿ ಅದು ಗಚ್ಚನೆ ಕೂತಿತು. ಸಾಹೇಬರು ಕಾರು ಹತ್ತಿದರು. ದುಂಡಪ್ಪ ಗುದ್ದಲಿ ಕೀಳಲು ಕೈ ಹಾಕುತ್ತಿದ್ದಂತೆ ಪೂಜೆ ಮಾಡಿಸಿದ ಐಗೋಳು ಅವನ ಕೈ ಹಿಡಿದರು. "ಏ ತಮ್ಮಾ, ಏನ ಮಾಡಾಕತ್ತೀ? ಪೂಜಾ ಆದ ಗುದ್ದಲಿ. ಮೊದಲ ಮಣ್ಣು ಏಳೂ ಮಟಾ ಅದನ್ನ ಅಲ್ಲಾಡಿಸಬಾರದು. ಕೆಲಸಕ್ಕ ವಿಘ್ನ ಬರ್ತೈತಿ."

"ಮೊದಲ ಮಣ್ಣು ಯಾವಾಗ ಏಳ್ತೈತ್ರಿ ಅಜ್ಜಾರ?"

"ಸೋಮವಾರ ಕೆಲಸ ಸುರು ಅಂದಾರಲ್ಲ ಸಾಹೇಬ್ರು."

ಯಾವ ಸೋಮವಾರ ಎಂದು ಐಗೋಳೂ ಕೇಳಿರಲಿಲ್ಲ, ಸಾಹೇಬರೂ ಹೇಳಿರಲಿಲ್ಲ.

ಒಂಬತ್ತು ದಿನಕ್ಕೆ ದಿಲ್ಲಿ ಕಡೆಯ ಸಾಹೇಬರು ಬಂದರು. ಅರವತ್ತು ಪಾಲು ನಮ್ಮದು, ಪೂಜೆ ಅವರದು ಹೇಗಾಯಿತು ಎಂಬುದು ಅವರ ಪ್ರಶ್ನೆ. ಅವರು ಬುದ್ಧಿವಂತರು, ಹೊಸ ಗುದ್ದಲಿಯನ್ನು ಬೆಳ್ಳಿ ಬಣ್ಣ ಬಳಿಸಿ ಕಾರಿನಲ್ಲೇ ತಂದಿದ್ದರು. ಆದರೆ ಒಂದೇ ಕೆಲಸಕ್ಕೆ ಎರಡು ಗುದ್ದಲಿ ನೆಟ್ಟರೆ ಬ್ರಿಜ್ ಎರಡು ಹೋಳಾಗುತ್ತದೆ ಎಂದು ಐಗೋಳು ಹೆದರಿಸಿದರು. ಕಡೆಗೆ ಹಳೆಯ ಗುದ್ದಲಿಗೇ ಇನ್ನೊಂದು ಸುತ್ತು ಅರಿಶಿನ, ಇನ್ನೊಂದು ಹಾರ, ಇನ್ನೊಂದು ಭಾಷಣ ಆಯಿತು. ಬೆಳ್ಳಿ ಗುದ್ದಲಿ ಬಂದ ಕಾರಿನಲ್ಲೇ ವಾಪಸ್ಸು ಹೋಯಿತು.

ಆಮೇಲೆ ಏನೂ ಆಗಲಿಲ್ಲ.

ಬೆಂಗಳೂರು ತನ್ನ ನಲವತ್ತು ಹಾಕಲಿ, ನಮ್ಮ ಅರವತ್ತು ಬಿಡುತ್ತೇವೆ ಎಂದಿತು ದಿಲ್ಲಿ. ದಿಲ್ಲಿಯ ಅರವತ್ತು ಬರಲಿ, ನಮ್ಮ ನಲವತ್ತು ತಯಾರಿದೆ ಎಂದಿತು ಬೆಂಗಳೂರು. ಬೀಗರ ಮನೆಯ ಊಟದಲ್ಲಿ ನೀವು ಮೊದಲು ಕೈ ಹಚ್ಚಿರಿ, ಇಲ್ಲ ನೀವೇ ಹಚ್ಚಿರಿ ಎಂದು ಕೂತಹಾಗೆ ಇಬ್ಬರೂ ಕೂತರು. ಇಲ್ಲಿ ಆರುತ್ತಿದ್ದ ಅನ್ನ ಮಾತ್ರ ಗೆಜ್ಜಿಹಾಳದವರದು. ಆ ಮಳೆಗಾಲವೂ ಹಳ್ಳ ಬಂತು, ಹಾಲು ಕೆಟ್ಟಿತು, ಟ್ರ್ಯಾಕ್ಟರುಗಳು ಸುತ್ತು ಹೊಡೆದವು. ಹಳ್ಳದ ದಂಡೆಯ ಮೇಲೆ ಗುದ್ದಲಿ ಒಂದೇ ನಿಂತಿತ್ತು.

ಇಂಥ ಹೊತ್ತಿನಲ್ಲಿ ಜನ ಸುಮ್ಮನಿರುವುದಿಲ್ಲ, ಅಭಿಪ್ರಾಯ ಇಟ್ಟುಕೊಳ್ಳುತ್ತಾರೆ. ಸೇತುವೆಗೆ ಸಿಮೆಂಟು ಬೇಕು, ಅಭಿಪ್ರಾಯಕ್ಕೆ ಚಹಾ ಸಾಕು. ಪರಶುರಾಮನ ಚಹಾದಂಗಡಿಯಲ್ಲಿ ಊರು ಎರಡಾಯಿತು. ತಪ್ಪು ದಿಲ್ಲಿಯದೆಂದು ಪರಶುರಾಮ. ತಪ್ಪು ಬೆಂಗಳೂರಿನದೆಂದು ದುಂಡಪ್ಪನ ಬಾಜೂ ಮನೆಯ ಮಾಲಿಂಗ. ಮಾಲಿಂಗನ ಕಡೆಯವರು ಪರಶುರಾಮನ ಚಹಾ ಬಿಟ್ಟರು. ಬಿಸಿಬಿಸಿ ಮಿರ್ಚಿ ಭಜಿ ಬಿಡಲಾಗದೆ ಕಟ್ಟಿಸಿಕೊಂಡು ಹೋಗಿ ಮನೆಯಲ್ಲಿ ತಿಂದರು.

ಯಾರ ಕೈ ಮೇಲೆಂದು ತಿಳಿಯಲು ಗೆಜ್ಜಿಹಾಳದವರು ಟಿ.ವಿ. ನೋಡುತ್ತಿರಲಿಲ್ಲ, ಗುದ್ದಲಿಯ ಕಾವು ನೋಡುತ್ತಿದ್ದರು. ನೆಟ್ಟ ಗುದ್ದಲಿಯ ಕಾವು ಒಂದು ದಿಕ್ಕಿಗೆ ಚಾಚಿಕೊಂಡಿರುತ್ತದಲ್ಲ, ಮೊದಲು ಅದು ದಕ್ಷಿಣಕ್ಕಿತ್ತು, ಅಂದರೆ ಬೆಂಗಳೂರಿಗೆ. ಭಾದ್ರಪದದಲ್ಲಿ ಗೌರಕ್ಕನ ಎಮ್ಮೆ ಕುತ್ತಿಗೆ ತುರಿಸಿಕೊಂಡು ಅದನ್ನು ಉತ್ತರಕ್ಕೆ ತಿರುಗಿಸಿತು. ಮಾಲಿಂಗ ಪೇಢೆ ಹಂಚಿದ. ಮರುದಿನ ಕಾವು ಮತ್ತೆ ದಕ್ಷಿಣಕ್ಕೆ ಬಂದಿತ್ತು. ಯಾರು ತಿರುಗಿಸಿದರೆಂದು ಗೊತ್ತಿಲ್ಲ, ಪರಶುರಾಮನ ಅಂಗೈಯಲ್ಲಿ ಮಾತ್ರ ಅರಿಶಿನವಿತ್ತು. ಗೌರಕ್ಕನ ಎಮ್ಮೆಗೆ ಪಕ್ಷವಿದೆಯೆಂದು ಆಮೇಲೆ ಡೇರಿಯಲ್ಲಿ ಅದರ ಹಾಲನ್ನು ಬೇರೆ ಕ್ಯಾನಿಗೆ ಹಾಕಿಸಬೇಕೆಂಬ ಮಾತೂ ಬಂತು.

ಇಷ್ಟೆಲ್ಲದರ ನಡುವೆ ಸತ್ತೆವ್ವ ದಿನಾ ಹಳ್ಳ ದಾಟುವಾಗ ಆ ಹಾರ ಹೊದ್ದ ಗುದ್ದಲಿಗೆ ನಿಂತು ಕೈ ಮುಗಿದು ಹೋಗುತ್ತಿದ್ದಳು. ಮಕ್ಕಳು ಶಾಲೆಗೆ ಹೋಗುವಂತಾಗಲಿ ಎಂದು ಬೇಡಿಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ದುಂಡಪ್ಪ ಎಮ್ಮೆಗೆ ಹುಲ್ಲು ತರುವ ನೆಪ ಮಾಡಿ ಬೇರೆ ದಾರಿ ಹಿಡಿಯುತ್ತಿದ್ದ.

ದೀಪಾವಳಿ ಮುಗಿಯಿತು, ಮಳೆ ನಿಂತಿತು. ಕೆನಾಲಿನ ನೀರಿಗೆ ಪಾಳಿ ಹಚ್ಚಿದರು. ದುಂಡಪ್ಪನ ಹೊಲದ ಪಾಳಿ ಗುರುವಾರ ಮುಂಜಾನೆ ಆರಕ್ಕೆ ಬಂತು. ತಪ್ಪಿದರೆ ಮುಂದಿನದು ಇಪ್ಪತ್ತು ದಿನಕ್ಕೆ. ಮಳೆಗಾಲವೆಲ್ಲ ನೀರು ಹಾಯಿಸುವ ಕೆಲಸವಿರಲಿಲ್ಲ. ಸೋಮವಾರ ಸತ್ತೆವ್ವ ಗುದ್ದಲಿ ಇಡುವ ಮೂಲೆಗೆ ಹೋದಳು, ಮೂಲೆ ಖಾಲಿ ಇತ್ತು.

"ಏನ್ರಿ, ನನ್ನ ಗುದ್ದಲಿ ಎಲ್ಲೈತಿ?"

"ಐತಿ."

"ಐತಿ ಖರೆ, ಎಲ್ಲೈತಿ?"

"ಹಳ್ಳದಾಗ ಐತಿ."

"ಹಳ್ಳದಾಗ ಯಾರು ಕೆಲಸ ಮಾಡಾಕತ್ತಾರ?"

"ಯಾರೂ ಮಾಡಾಕತ್ತಿಲ್ಲ."

"ಮತ್ತ ಗುದ್ದಲಿ ಯಾಕ ಹೋಗೇತಿ?"

"ಪೂಜಾಕ," ಎಂದ ದುಂಡಪ್ಪ, ನೆಲಕ್ಕೆ ಕೇಳಿಸುವಷ್ಟು ಮೆಲ್ಲಗೆ.

ಸತ್ತೆವ್ವ ಗೋಡೆಯ ಮೇಲಿನ ಫೋಟೋ ನೋಡಿದಳು. ಸಾಹೇಬರನ್ನು ನೋಡಿದಳು, ಹಾರದ ಕೆಳಗೆ ಇಣುಕುತ್ತಿದ್ದ ಕಾವಿನ ತುದಿ ನೋಡಿದಳು, ಮೊಣಕೈ ನೋಡಿದಳು. "ಮೂರು ತಿಂಗಳಿಂದ ನಾ ಕೈ ಮುಗಿಯಾಕತ್ತಿದ್ದು ನನ್ನ ಗುದ್ದಲಿಗೇನ್ರಿ?"

ದುಂಡಪ್ಪ ಟವೆಲಿನಿಂದ ಫೋಟೋದ ಗಾಜು ಒರೆಸಲು ಹೋದ. ಸತ್ತೆವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. "ಅದು ನಮ್ಮಪ್ಪ ನನ್ನ ಕೈ ಅಳತಿ ತಗೊಂಡು ಮಾಡಿಸಿದ್ದರಿ," ಎಂದಳು. "ಗುರುವಾರ ಹೊತ್ತು ಏಳೂದರಾಗ ನನ್ನ ಗುದ್ದಲಿ ನನ್ನ ಕೈಯಾಗ ಇರಬೇಕು. ಇಲ್ಲಂದ್ರ ನಮ್ಮಪ್ಪಗ ಫೋನ್ ಹಚ್ಚತೇನಿ. ಅವರ ಮುಂದ ನೀವ ಹೇಳ್ರಿ ಗುದ್ದಲಿ ಯಾವ ಸರಕಾರಕ್ಕ ಕೊಟ್ಟೀರಿ ಅಂತ."

ಮಾವ ಎಪ್ಪತ್ತೆಂಟರ ಮನುಷ್ಯ. ಹುಕ್ಕೇರಿಯಲ್ಲಿ ಮಾತಾಡಿದರೆ ಫೋನಿಲ್ಲದೆಯೂ ಗೋಕಾಕದವರೆಗೆ ಕೇಳಿಸುವ ದನಿ. ದುಂಡಪ್ಪನಿಗೆ ಮೂರು ದಿನ ಇದ್ದವು.

ಮೊದಲಿಗೆ ಬಾಜೂ ಮನೆಗೆ ಹೋದ. "ಮಾಲಿಂಗಾ, ಒಂದು ದಿನದ ಮಟ್ಟಿಗೆ ನಿನ್ನ ಗುದ್ದಲಿ ಕೊಡೋ. ನೀರ ಹಾಯಿಸಿ ಕೊಡ್ತೇನಿ."

ಮಾಲಿಂಗ ಆಚೆಈಚೆ ನೋಡಿದ. "ನಿನ್ನ ಗುದ್ದಲಿ ಐತೆಲ್ಲಾ?"

"ಅದು ಹಳ್ಳದಾಗ ಐತಿ."

"ಹಂಗಾದ್ರ ನಾ ನಿನಗ ಗುದ್ದಲಿ ಕೊಟ್ಟೆ ಅಂದ್ರ ಏನಾತು? ಹಳ್ಳದಾಗಿನ ಗುದ್ದಲಿ ಅಲ್ಲೇ ಇರ್ಲಿ, ಕೆಲಸ ಸುರು ಆಗೋದು ಬ್ಯಾಡ ಅಂತ ನಾ ಒಪ್ಪಿದಂಗಾತು. ಅಂದ್ರ ಬೆಂಗಳೂರಿನವರು ಮಾಡಿದ್ದು ಬರೋಬ್ಬರಿ ಅಂದಂಗಾತು. ನಮ್ಮ ಮಂದಿ ನನ್ನ ಸುಮ್ನ ಬಿಡ್ತಾರೇನು?"

ದುಂಡಪ್ಪ ಪರಶುರಾಮನ ಹತ್ತಿರ ಹೋದ. ಪರಶುರಾಮ ಇದೇ ಮಾತನ್ನು ದಿಲ್ಲಿ ಎಂಬ ಹೆಸರು ಹಾಕಿ ಹೇಳಿದ. ಗೌರಕ್ಕ ಬಾಗಿಲೇ ತೆಗೆಯಲಿಲ್ಲ. ಕಿಟಕಿಯಿಂದಲೇ, "ಎಮ್ಮಿ ತುರಿಸಿಕೊಂಡದ್ದಕ್ಕ ನಾ ಊರಾಗ ಕೆಟ್ಟಾಕಿ ಆಗೇನಪಾ ದುಂಡಪ್ಪಾ, ಇನ್ನ ಗುದ್ದಲಿ ಬ್ಯಾರೆ ಕೊಡಲ್ಯಾ?" ಎಂದಳು. ಊರಿನಲ್ಲಿ ಇನ್ನೂರು ಗುದ್ದಲಿ ಇದ್ದಾವು. ಅವತ್ತಿನ ಮಟ್ಟಿಗೆ ಇನ್ನೂರಕ್ಕೂ ಅಭಿಪ್ರಾಯವಿತ್ತು.

ಮಂಗಳವಾರ ಅವನು ಪಂಚಾಯ್ತಿಗೆ ಹೋದ. ಪಿಡಿಒ ಅನ್ನಪೂರ್ಣಾ ಮೇಡಂ ಅವನ ಮಾತನ್ನೆಲ್ಲ ಸಮಾಧಾನದಿಂದ ಕೇಳಿದರು. ಅವರ ಸಮಾಧಾನ ಕಂಡೇ ದುಂಡಪ್ಪನಿಗೆ ಭಯವಾಯಿತು.

"ಗುದ್ದಲಿ ನಿಮ್ಮದು ಅನ್ನಾಕ ಏನು ದಾಖಲೆ ಐತ್ರಿ?"

"ಕಾವಿನ ಮ್ಯಾಲ ಮೂರು ಗೀರು ಅದಾವ್ರಿ ಮೇಡಂ."

"ಗೀರು ನಡೆಯಂಗಿಲ್ಲರಿ. ಅದು ಈಗ ಕಾಮಗಾರಿ ಸ್ಥಳದಾಗ ಐತಿ. ಸ್ಥಳ ನಮ್ಮದು, ಕಾಮಗಾರಿ ಮೂಡಲಗಿ ಆಫೀಸಿಂದು, ಪೂಜಾ ಇಬ್ಬರು ಸಾಹೇಬ್ರದು. ನೀವೊಂದು ಅರ್ಜಿ ಕೊಡ್ರಿ. ಜೋಡಿಗೆ ಇಬ್ಬರ ಕಡೆಯಿಂದ ಎನ್ಓಸಿ ತರ್ರಿ."

"ಇಬ್ಬರೂ ಕೊಡಬೇಕೇನ್ರಿ?"

"ಒಬ್ಬರು ಕೊಟ್ಟರ ಇನ್ನೊಬ್ಬರು ತಕರಾರು ತಗೀತಾರ. ಯಾರು ಮೊದಲ ಕೊಡ್ತಾರ ನೋಡ್ರಿ."

ಯಾರು ಮೊದಲು ಎಂಬ ಮಾತನ್ನು ದುಂಡಪ್ಪ ಮೂರು ತಿಂಗಳಿಂದ ಕೇಳುತ್ತಲೇ ಇದ್ದ. ಆದರೂ ಬಸ್ಸು ಹತ್ತಿ ಮೂಡಲಗಿಗೆ ಹೋದ. ಅಲ್ಲಿ ಒಂದು ಕಚೇರಿ ಇದೆ, ಹೆಸರು ಹೇಳಿದರೆ ಅವರು ನನ್ನಿಂದಲೂ ಎನ್ಓಸಿ ಕೇಳಿಯಾರು, ಬೇಡ. ಇಂಜಿನಿಯರ್ ಸಾಹೇಬರು ನಕ್ಷೆ ಬಿಚ್ಚಿ, ಅದರಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. "ನೋಡ್ರಿ, ಮೂರು ತಿಂಗಳ ಪ್ರಗತಿ ವರದಿಯಾಗ ನಾವು ಬರದದ್ದು ಒಂದ: ಸ್ಥಳದಲ್ಲಿ ಗುದ್ದಲಿ ಇದೆ. ಅದನ್ನೂ ನೀವು ಒಯ್ದರ ಈ ತಿಂಗಳ ನಾ ಏನು ಬರೀಲಿ?" ದುಂಡಪ್ಪನಿಗೆ ಅವರ ಮೇಲೆ ಕನಿಕರ ಬಂತು. ಅರ್ಜಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಎದ್ದು ಬಂದ.

ಬುಧವಾರ ಒಂದೇ ದಾರಿ ಉಳಿದಿತ್ತು. ಗೋಕಾಕಕ್ಕೆ ಹೋಗಿ ಹೊಸ ಗುದ್ದಲಿ ತರುವುದು, ಕಾವಿನ ಮೇಲೆ ತಾನೇ ಮೂರು ಗೀರು ಹಾಕುವುದು, ದೇವರ ಮೇಲೆ ಭಾರ ಹಾಕಿ ಸತ್ತೆವ್ವನ ಕೈಗೆ ಕೊಡುವುದು. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಇಳಿದವನ ಬಾಯಿಗೆ ಒಬ್ಬ ಟಿ.ವಿ.ಯವನು ಮೈಕು ಹಿಡಿದ.

"ಯಾವೂರ್ರಿ ಯಜಮಾನ್ರ?"

"ಗೆಜ್ಜಿಹಾಳ್ರಿ."

ಟಿ.ವಿ.ಯವನ ಮುಖ ಅರಳಿತು. ಅನುದಾನದ ಜಗಳದ ಬಗ್ಗೆ ಜನರ ಅಭಿಪ್ರಾಯ ಕೇಳುತ್ತ ಅವನು ಮುಂಜಾನೆಯಿಂದ ನಿಂತಿದ್ದ. ಬಂದವರೆಲ್ಲ ನಮ್ಮ ಬಸ್ಸು ಯಾವಾಗ ಬರುತ್ತದೆ ಎಂದು ಅವನನ್ನೇ ಕೇಳಿದ್ದರು. "ಬ್ರಿಜ್ ನಿಂತಿದ್ದು ನಿಮ್ಮೂರಾಗ ಅಲ್ಲೇನ್ರಿ? ಹೇಳ್ರಿ, ಇದಕ್ಕೆಲ್ಲಾ ಯಾರು ಕಾರಣ? ತಪ್ಪು ಯಾರದು?"

ಮೂರು ದಿನದಿಂದ ದುಂಡಪ್ಪನ ತಲೆಯಲ್ಲಿ ಇದ್ದದ್ದು ಒಂದೇ. ತಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ಕಟ್ಟೆ ಒಡೆಯಿತು.

"ತಪ್ಪು ನಂದ್ರಿ! ಹಿಂದ ಮುಂದ ನೋಡದ ಗುದ್ದಲಿ ಒಯ್ದು ದೊಡ್ಡವರ ಕೈಯಾಗ ಕೊಟ್ಟೆ. ಮನ್ಯಾಗ ಒಂದು ಮಾತು ಕೇಳಲಿಲ್ಲ. ಅವರು ಅದನ್ನ ನೆಟ್ಟು ಹ್ವಾದ್ರು. ಈಗ ನನ್ನ ಗುದ್ದಲಿ ನನಗ ಕೊಡ್ರಿ ಅಂದ್ರ ಯಾರೂ ಕೊಡವಲ್ರು!"

"ಇನ್ನೊಮ್ಮೆ ಕೊಡ್ತೀರೇನ್ರಿ?"

"ನನ್ನ ಹೇಣ್ತಿ ಕೈಕಾಲು ಮುರೀತಾಳ್ರಿ!" ಎಂದು ದುಂಡಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಕಣ್ಣೀರು ಖರೆಯದೇ.

ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ಟಿ.ವಿ.ಯಲ್ಲಿ ನಾಲ್ಕು ಮಂದಿ ತಜ್ಞರು ನಾಲ್ಕು ಚೌಕಗಳಲ್ಲಿ ಕೂತು ರೈತ ಹೇಳಿದ ಗುದ್ದಲಿ ಎಂದರೇನು ಎಂದು ಚರ್ಚೆ ಮಾಡಿದರು. ಗುದ್ದಲಿ ಎಂದರೆ ಮತ ಎಂದ ಒಬ್ಬ. ಅಲ್ಲ, ಅದು ರೈತನ ಸ್ವಾಭಿಮಾನ ಎಂದ ಇನ್ನೊಬ್ಬ. ಮೂರನೆಯವರು ಪ್ರೊಫೆಸರು, ಗುದ್ದಲಿ ಎಂದರೆ ಒಕ್ಕೂಟ ವ್ಯವಸ್ಥೆ ಎಂದು ಹತ್ತು ನಿಮಿಷ ವಿವರಿಸಿದರು. ನಾಲ್ಕನೆಯವನು "ಅಂವ ಗುದ್ದಲೀನ ಅಂದಿರಬಹುದಲ್ಲರಿ" ಎಂದದ್ದಕ್ಕೆ ಅವನ ಚೌಕವನ್ನು ಸಣ್ಣದು ಮಾಡಿದರು.

ಬೆಂಗಳೂರಿನವರಿಗೆ ಕೊಟ್ಟ ಮತಕ್ಕೆ ರೈತ ಅಳುತ್ತಿದ್ದಾನೆ ಎಂದು ಮಾಲಿಂಗ ವಾಟ್ಸಾಪಿನಲ್ಲಿ ಹಾಕಿದ. ದಿಲ್ಲಿಯವರಿಗೆ ಕೊಟ್ಟದ್ದಕ್ಕೆ ಎಂದು ಪರಶುರಾಮ ಹಾಕಿದ. ಹುಕ್ಕೇರಿಯಿಂದ ಸತ್ತೆವ್ವನ ತಮ್ಮ ಈಶ್ವರ ಫೋನು ಮಾಡಿ, "ಮಾವಾರ, ಬಾಳ ಛಲೋ ಮಾತಾಡೀರಿ. ಆದ್ರ ನಮ್ಮಪ್ಪ ಒಂದು ಮಾತು ಕೇಳಾಕತ್ತಾರು, ಅದು ಯಾವ ಗುದ್ದಲಿ ಅಂತ," ಎಂದ. ದುಂಡಪ್ಪನ ಕೈಯಿಂದ ಫೋನು ಜಾರಿತು. ಮಾವನಿಗೇ ಸುಳಿವು ಸಿಕ್ಕ ಮೇಲೆ ಕಳ್ಳ ಗೀರು ನಡೆಯುವುದಿಲ್ಲವೆಂದು ಗುದ್ದಲಿ ಕೊಳ್ಳುವ ವಿಚಾರವೂ ಜಾರಿಹೋಯಿತು. ಸಂಜೆ ಊರಿಗೆ ಬಂದಾಗ ಅವನ ಕೈಯಲ್ಲಿದ್ದದ್ದು ಒಂದು ಡಬ್ಬಿ ಕರದಂಟು. ಸತ್ತೆವ್ವ ಅದನ್ನು ತೆಗೆದುಕೊಂಡು ಮುಚ್ಚಳ ತೆಗೆದು ನೋಡಿ, "ಇದರಿಂದ ಒಡ್ಡು ಕಡೀಲೇನ್ರಿ?" ಎಂದಳು.

ಅಷ್ಟರಲ್ಲಿ ಹಳ್ಳದ ದಂಡೆಯಲ್ಲಿ ಎರಡು ಶಾಮಿಯಾನ ಎದ್ದಿದ್ದವು. ದುಂಡಪ್ಪ ಗುದ್ದಲಿ ವಾಪಸ್ಸು ಕೇಳುತ್ತಿದ್ದಾನೆ ಎಂದು ನಾಡಿಗೆಲ್ಲ ತಿಳಿದ ಮೇಲೆ ಅದು ಯಾರ ಕೈಯಿಂದ ಕಿತ್ತುಹೋದರೆ ಅವರ ಮರ್ಯಾದೆ ಹೋದಂತೆಯೇ ಎಂದು ಎರಡೂ ಕಡೆಯವರಿಗೆ ಮೇಲಿನಿಂದ ಹೇಳಿ ಬಂದಿತ್ತು. ಹೀಗಾಗಿ ಉತ್ತರಕ್ಕೆ ಮಾಲಿಂಗನ ಮಂದಿ, ದಕ್ಷಿಣಕ್ಕೆ ಪರಶುರಾಮನ ಮಂದಿ ಕಾವಲು ಕೂತರು. ಬ್ರಿಜ್ ಕೆಲಸ ನಿಂತಾಗಲೂ ಒಂದಾಗದಿದ್ದ ಊರು ಗುದ್ದಲಿ ಅಲ್ಲಾಡಬಾರದು ಎಂಬುದರಲ್ಲಿ ಒಂದಾಯಿತು. ಎರಡೂ ಶಾಮಿಯಾನಕ್ಕೆ ಭಜಿ ಮಾತ್ರ ಒಂದೇ ಬಾಣಲೆಯಿಂದ ಹೋಯಿತು.

ಗುರುವಾರ ಹೊತ್ತು ಮೂಡಿತು. ದುಂಡಪ್ಪ ಹಳ್ಳಕ್ಕೆ ಬಂದು ಗುದ್ದಲಿಯ ಮುಂದೆ ನಿಂತ. ಕೈ ಚಾಚಿದ. ಎರಡೂ ಕಡೆಯಿಂದ "ಹೇ!" ಎಂದು ಕೂಗು ಎದ್ದಿತು. ಕೈ ಹಿಂದಕ್ಕೆ ತೆಗೆದ. ಮತ್ತೆ ಚಾಚಿದ, ಮತ್ತೆ ಕೂಗಿದರು. ಮೂರನೆಯ ಸಲ ಅವನೇ ಮೆಲ್ಲಗೆ "ಹೇ" ಎಂದುಕೊಂಡು ಕೈ ಕಟ್ಟಿಕೊಂಡ. ಗೋಕಾಕದ ಟಿ.ವಿ.ಯವನು ಕ್ಯಾಮೆರಾ ತಂದಿದ್ದ. ಅತ್ತ ಕೆನಾಲಿನಲ್ಲಿ ನೀರು ಬಿಟ್ಟ ಸದ್ದು ಕೇಳಿಸಿತು.

ಆಗ ಸತ್ತೆವ್ವ ಬಂದಳು. ಸೀರೆಯ ಕಚ್ಚೆ ಬಿಗಿದಿದ್ದಳು, ಬಗಲಲ್ಲಿ ರೊಟ್ಟಿಯ ಗಂಟು. ರೂಢಿಯ ಪ್ರಕಾರ ಮೊದಲು ಗುದ್ದಲಿಗೆ ಕೈ ಮುಗಿದಳು. ಆಮೇಲೆ ರೊಟ್ಟಿಯ ಗಂಟನ್ನು ಗಂಡನ ಕೈಗೆ ಕೊಟ್ಟಳು.

"ಯಕ್ಕಾ, ಮುಟ್ಟಬ್ಯಾಡ್ರಿ!" ಎಂದ ಮಾಲಿಂಗ.

"ಯಾಕಪಾ, ಯಾರದಿದು?"

"ದಿಲ್ಲೀದು!" ಎಂದರು ಉತ್ತರದವರು. "ಬೆಂಗಳೂರಿಂದು!" ಎಂದರು ದಕ್ಷಿಣದವರು.

ಸತ್ತೆವ್ವ ಒಣಗಿದ ಹಾರಗಳನ್ನು ಒಂದೊಂದಾಗಿ ತೆಗೆದು ಬಾಜೂಕ್ಕಿಟ್ಟಳು. ಮೂರು ತಿಂಗಳ ಅರಿಶಿನವನ್ನು ಸೆರಗಿನಿಂದ ಒರೆಸಿದಳು. ಮೂರು ಗೀರು ಕಂಡವು. ಅವುಗಳ ಮೇಲೆ ಹೆಬ್ಬೆರಳು ಇಟ್ಟಳು, ಅವಳ ಕಣ್ಣು ತುಂಬಿತು. "ನಮ್ಮಪ್ಪಂದು," ಎಂದಳು. "ನನ್ನ ಪಾಳಿ ಬಂದೈತಿ. ನೀರು ಹರದು ಹೊಂಟೈತಿ. ಸರೀರಿ."

ಅವಳ ದನಿ ಹುಕ್ಕೇರಿಯ ದನಿ. ಎರಡೂ ಕಡೆಯವರು ಸರಿದರು. ಸತ್ತೆವ್ವ ಕಾಲು ಒತ್ತಿ, ಕಾವು ಹಿಡಿದು, ಒಂದೇ ಸಲಕ್ಕೆ ಜಗ್ಗಿದಳು. ಗುದ್ದಲಿ ಬಂತು. ಬಂದದ್ದು ಬರೀ ಗುದ್ದಲಿಯಲ್ಲ. ಮಳೆ ನಿಂತ ಮೇಲೆ ಒಣಗಿ ಗಟ್ಟಿಯಾಗಿ ಕಚ್ಚಿಕೊಂಡಿದ್ದ ಎರಿ ಮಣ್ಣಿನ ಒಂದು ದೊಡ್ಡ ಹೆಂಟೆ, ಬುಟ್ಟಿ ತುಂಬುವಷ್ಟು, ಅದರ ಜೊತೆಗೇ ಎದ್ದು ಬಂತು. ಸತ್ತೆವ್ವ ಅದನ್ನು ಕಾಲಿನಿಂದ ಬಡಿದು ಕೆಡವಿ, ಗುದ್ದಲಿ ಹೆಗಲಿಗೇರಿಸಿ, ಹಿಂದೆ ನೋಡದೆ ಹೊಲದ ದಾರಿ ಹಿಡಿದಳು.

ಐಗೋಳ ಬಾಯಿಂದ ಮೊದಲು ಮಾತು ಹೊರಟಿತು. "ಶಿವಶಿವಾ! ಮೊದಲ ಮಣ್ಣು ಎದ್ದಿತು! ಕೆಲಸ ಸುರು ಆತು!"

ಗೆಜ್ಜಿಹಾಳದಲ್ಲಿ ಮೊದಲ ಮಣ್ಣು ಎದ್ದ ಮೇಲೆ ಕೆಲಸ ನಿಲ್ಲಬಾರದು. ಎರಡೂ ಶಾಮಿಯಾನದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಸುರು ಮಾಡಿದವರು ಯಾರು? ದಿಲ್ಲಿಯವರು ಮಾಡಿಸಿದರೆಂದು ಪರಶುರಾಮನಿಗೆ ಅನುಮಾನ, ಬೆಂಗಳೂರಿನವರದೇ ಕೈವಾಡ ಎಂದು ಮಾಲಿಂಗನಿಗೆ ಖಾತ್ರಿ. ಇಬ್ಬರೂ ಫೋನು ತೆಗೆದು ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಮಾತು ಕೂಗಿದರು: "ಸಾಹೇಬ್ರ, ಅವರು ಸುರು ಮಾಡೇಬಿಟ್ಟರ್ರೀ! ಎಲ್ಲಾ ಹೆಸರು ಅವರ ತಗೋತಾರ್ರೀ!"

ಹನ್ನೊಂದು ಗಂಟೆಗೆ ದಕ್ಷಿಣದಿಂದ ಒಂದು ಜೆಸಿಬಿ ಬಂತು, ಹನ್ನೊಂದೂಕಾಲಿಗೆ ಉತ್ತರದಿಂದ ಇನ್ನೊಂದು. ಎರಡೂ ಎದುರುಬದರು ನಿಂತು ಅಗೆದವು. ಮೂಡಲಗಿಯ ಇಂಜಿನಿಯರ್ ಸಾಹೇಬರು ಏದುಸಿರು ಬಿಡುತ್ತ ಬಂದು, ನಕ್ಷೆಯಲ್ಲಿದ್ದ ಪೆನ್ಸಿಲಿನ ಚುಕ್ಕೆಯನ್ನು ಪೆನ್ನಿನಿಂದ ತಿದ್ದಿದರು. ಸಂಜೆಯ ಸುದ್ದಿಯಲ್ಲಿ ಬೆಂಗಳೂರಿನ ನಲವತ್ತು ಬಿಡುಗಡೆಯಾಯಿತು, ರಾತ್ರಿಯ ಸುದ್ದಿಯಲ್ಲಿ ದಿಲ್ಲಿಯ ಅರವತ್ತು. ಮೂರು ತಿಂಗಳು ಒಬ್ಬರು ಕೊಡಲಿ ಎಂದು ಇನ್ನೊಬ್ಬರು ಕಾದಿದ್ದರು. ಈಗ ಅವರೇ ಕೊಟ್ಟುಬಿಟ್ಟಾರು ಎಂಬ ಹೆದರಿಕೆಗೆ ಇಬ್ಬರೂ ಕೊಟ್ಟರು. ಮರುದಿನ ತಜ್ಞರು ಮತ್ತೆ ಚೌಕಗಳಲ್ಲಿ ಕೂತು, ಜನಾಭಿಪ್ರಾಯದ ಒತ್ತಡಕ್ಕೆ ಸರಕಾರಗಳು ಮಣಿದವು ಎಂದರು.

ಯುಗಾದಿಯ ಹೊತ್ತಿಗೆ ಬ್ರಿಜ್ ಎದ್ದಿತು. ಆ ತುದಿಗೊಂದು ಬೋರ್ಡು, ಈ ತುದಿಗೊಂದು ಬೋರ್ಡು. ಒಂದರಲ್ಲಿ ದಿಲ್ಲಿಗೆ ಅಭಿನಂದನೆ, ಇನ್ನೊಂದರಲ್ಲಿ ಬೆಂಗಳೂರಿಗೆ. ಮಕ್ಕಳು ನಡುವೆ ಓಡಿ ಶಾಲೆಗೆ ಹೋಗುತ್ತವೆ. ಊರು ಇನ್ನೂ ಎರಡೇ ಆಗಿದೆ, ಬ್ರಿಜ್ ಕಟ್ಟಿದ್ದು ಯಾರೆಂದು ಪರಶುರಾಮನ ಅಂಗಡಿಯಲ್ಲಿ ವಾದ ನಡೆದೇ ಇದೆ. ಪೇಪರಿನಲ್ಲಿ ಸತ್ತೆವ್ವ ಗುದ್ದಲಿ ಕೀಳುವ ಫೋಟೋ ಬಂದಿತ್ತು. ಅಂಚಿನಲ್ಲಿ ರೊಟ್ಟಿಯ ಗಂಟು ಹಿಡಿದ ಒಂದು ಮೊಣಕೈ ಇತ್ತು. ದುಂಡಪ್ಪ ಅದಕ್ಕೂ ಗಾಜು ಹಾಕಿಸಿದ.

ಒಂದು ದಿನ ಹುಕ್ಕೇರಿಯಿಂದ ಈಶ್ವರ ಬಂದ. ಜೊತೆಗೆ ಅವನೂರಿನ ಮೂವರು ಹಿರಿಯರು, ಕೈಯಲ್ಲಿ ಹಣ್ಣು, ಹೂವು, ಕುಬಸದ ಅರಿವೆ. ದುಂಡಪ್ಪ ಮೊಣಕೈ ಮುಂದೆ ಮಾಡಿಕೊಂಡು ಎದ್ದು ನಿಂತ. ಅವರು ಅವನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋದರು.

"ತಂಗೀ," ಎಂದರು ಅವರಲ್ಲಿ ದೊಡ್ಡವರು, "ನಮ್ಮೂರಾಗೂ ನೀರಿನ ಟಾಕಿಗೆ ಪೂಜಾ ಮಾಡಿ ಗುದ್ದಲಿ ನೆಟ್ಟು ಹೋಗ್ಯಾರವ್ವ. ಎರಡು ವರ್ಷಾತು. ದಿಲ್ಲಿಯವರು ಬೆಂಗಳೂರಿನವರ ಕಡೆ ಕೈ ತೋರಿಸ್ತಾರ, ಬೆಂಗಳೂರಿನವರು ದಿಲ್ಲಿ ಕಡೆ. ನೀ ಒಮ್ಮಿ ಬಂದು ಅದನ್ನ ಕಿತ್ತು ಕೊಡು. ನಿನ್ನ ಕೈಗುಣ ಛಲೋ ಐತಿ."

"ಅದಕ್ಕೇನ್ರಿ, ನಾವು ಬರ್ತೇವಿ!" ಎಂದ ದುಂಡಪ್ಪ. "ಬೇಕಂದ್ರ ನಮ್ಮ ಗುದ್ದಲೀನೂ..."

ಸತ್ತೆವ್ವ ಅವನ ಕಡೆ ನೋಡಿದಳು. ದುಂಡಪ್ಪ ಚಹಾ ಇಡಲು ಒಳಗೆ ಹೋದ.

"ಕಾಕಾರ, ಅಲ್ಲಿರೂ ಗುದ್ದಲಿ ಯಾರದರಿ?" ಎಂದು ಸತ್ತೆವ್ವ ಕೇಳಿದಳು.

"ಯಾರಿಗೆ ಗೊತ್ತವ್ವ. ಸಾಹೇಬ್ರು ಕಾರಿನ್ಯಾಗ ತಂದಿದ್ರು. ಬೆಳ್ಳಿ ಬಣ್ಣದ್ದೈತಿ."

"ಅದರ ಕೂಡ ಊರಾಗ ಯಾರಿಗರ ಕೆಲಸ ಐತೇನ್ರಿ?"

ಹಿರಿಯರು ಊರಿನ ಒಂದೊಂದೇ ಮನೆ ನೆನೆದು ಬೆರಳು ಎಣಿಸಿದರು. ಯಾರಿಗೂ ಇರಲಿಲ್ಲ.

"ಹಂಗಾದ್ರ ಯಾರಿಗೂ ಬ್ಯಾಡಾದ ಗುದ್ದಲಿ ಕೀಳಾಕ ಬರಂಗಿಲ್ಲ ನೋಡ್ರಿ," ಎಂದಳು ಸತ್ತೆವ್ವ, ಮೂಲೆಯಿಂದ ತನ್ನ ಗುದ್ದಲಿ ತೆಗೆದುಕೊಂಡು. "ಚಹಾ ಕುಡದು ಹೋಗ್ರಿ. ನನ್ನ ಪಾಳಿ ಬಂದೈತಿ."